ಸಣ್ಣಕ್ಕನಿಗೆ ಐವತ್ತು ಲಕ್ಸ್

ವಾದದಲ್ಲಿ ಗೆಲ್ಲುವುದು ಒಂದು ವ್ಯಸನ. ತಂಬಾಕು, ಗುಟ್ಕಾ ಬಿಡಿಸಲು ಶಿಬಿರಗಳು ನಡೆಯುತ್ತವೆ. ಈ ವ್ಯಸನವನ್ನು ಬಿಡಿಸಲು ಯಾರೂ ಶಿಬಿರ ನಡೆಸಿದ್ದನ್ನು ನಾನು ಕಾಣೆ. ನಡೆಸಿದರೂ ಪ್ರಯೋಜನವಿಲ್ಲ. ಅಂಥ ಶಿಬಿರವೇ ಅನಗತ್ಯವೆಂಬುದನ್ನು ಶಿಬಿರಾರ್ಥಿಗಳೆಲ್ಲ ಸೇರಿ ಮಧ್ಯಾಹ್ನದ ಊಟದೊಳಗಾಗಿ ಸಾಧಿಸಿಬಿಡುತ್ತಾರೆ. ನನಗೆ ಇದು ಅಂಟಿದ್ದು ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ. ಅಲ್ಲಿ ಡಬ್ಬಿಯೊಳಗಿನಿಂದ ಒಂದು ಚೀಟಿ ಎತ್ತಬೇಕು. ‘ಪರ’ ಎಂದಿದ್ದರೆ ಪರ, ‘ವಿರೋಧ’ ಎಂದಿದ್ದರೆ ವಿರೋಧ. ಐದು ನಿಮಿಷದ ಹಿಂದೆ ಯಾವ ಅಭಿಪ್ರಾಯವೂ ಇರದ ಹುಡುಗಿ, ಚೀಟಿ ಬಿಚ್ಚಿದ ಕ್ಷಣದಿಂದ ಆ ಅಭಿಪ್ರಾಯಕ್ಕಾಗಿ ಪ್ರಾಣ ಕೊಡಲು ಸಿದ್ಧಳಾಗಬೇಕು. ನಾನು ಸಿದ್ಧಳಾಗುತ್ತಿದ್ದೆ. ಹಾಗೆ ಗೆದ್ದ ಪಾರಿತೋಷಕಗಳು ಈಗಲೂ ನಮ್ಮ ಮನೆಯ ಅಟ್ಟದ ಮೇಲಿವೆ. ಅವನ್ನು ಇಳಿಸಿ ಯಾರಿಗಾದರೂ ಕೊಟ್ಟುಬಿಡೋಣವೆಂದು ನಮ್ಮ ಯಜಮಾನರು ಒಮ್ಮೆ ಸೂಚಿಸಿದರು. ಅದರ ವಿರುದ್ಧ ನಾನು ಮಂಡಿಸಿದ ವಾದವನ್ನು ಕೇಳಿದ ಮೇಲೆ ಅವರು ಅಟ್ಟದ ಕಡೆ ತಲೆಯೆತ್ತಿಯೂ ನೋಡಿಲ್ಲ. ಈಗ ನಾನು ಕುಷ್ಟಗಿಯಲ್ಲಿ ರಾಜ್ಯಶಾಸ್ತ್ರ ಪಾಠ ಹೇಳುತ್ತೇನೆ; ಸಮಾಜವನ್ನು ತಿದ್ದುವುದು ನನ್ನ ಸಂಜೆಯ ಕೆಲಸ. ಸಮಾಜವೂ ನನ್ನ ಕೈಗೆ ಸಿಕ್ಕಾಗ ಬೇಗ ಒಪ್ಪಿಕೊಂಡು ಮನೆಗೆ ಹೋಗಿಬಿಡುತ್ತದೆ. ಅದನ್ನು ನಾನು ಬಹಳ ವರ್ಷ ಸುಧಾರಣೆ ಎಂದೇ ತಿಳಿದಿದ್ದೆ.

ನಮ್ಮ ಊರಿಗೆ ಒಂದು ವಸ್ತುಸಂಗ್ರಹಾಲಯ ಬೇಕೆಂಬುದು ನಾನು ಹೂಡಿದ ವಾದಗಳಲ್ಲಿ ಇಂದಿಗೂ ನನಗೆ ಪಶ್ಚಾತ್ತಾಪವಿಲ್ಲದ ಒಂದು. ನಮ್ಮ ಭಾಗದ ಕೌದಿ, ಕಿನ್ನಾಳದ ಬಣ್ಣದ ಗೊಂಬೆ, ನಿಜಾಮರ ಕಾಲದ ಉರ್ದು ಕಾಗದಪತ್ರ ಇವನ್ನೆಲ್ಲ ನೋಡಲು ನಮ್ಮ ಮಕ್ಕಳು ಹೈದರಾಬಾದಿಗೋ ಬೆಂಗಳೂರಿಗೋ ಏಕೆ ಹೋಗಬೇಕು? ಏಳು ಜನರ ಸಮಿತಿಯಾಯಿತು. ಖಾಲಿ ಬಿದ್ದಿದ್ದ ಹಳೆಯ ಶಾಲೆಯ ಒಂದು ಕೊಠಡಿ ಸಿಕ್ಕಿತು. ದಾಳಿಂಬೆ ಬೆಳೆಗಾರರಾದ ಶರಣಪ್ಪನವರು ಅಧ್ಯಕ್ಷರಾದರು, ನಾನು ಕಾರ್ಯದರ್ಶಿಯಾದೆ; ಬೀಗ, ಕಸಬರಿಗೆ, ಸಂದರ್ಶಕರು ಈ ಮೂರನ್ನೂ ನೋಡಿಕೊಳ್ಳಲು ಹನುಮವ್ವ ಎಂಬಾಕೆಯನ್ನು ನೇಮಿಸಿದೆವು. ಆ ದಿನಗಳಲ್ಲಿ ನಾನು ನಡೆಯುತ್ತಿರಲಿಲ್ಲ, ನೆಲದಿಂದ ನಾಲ್ಕು ಬೆರಳು ಮೇಲೆ ತೇಲುತ್ತಿದ್ದೆ.

ಯುಗಾದಿ ಕಳೆದ ವಾರ ಯಲಬುರ್ಗಾ ಕಡೆಯ ಒಂದು ಹಳ್ಳಿಗೆ, ದುರ್ಗಪ್ಪಜ್ಜನವರ ಮನೆಗೆ ಹೋದೆ. ಅವರದು ತೊಗಲುಗೊಂಬೆ ಆಡಿಸುವ ಮನೆತನ. ಬಿಳಿ ಪರದೆಯ ಹಿಂದೆ ದೀಪ, ದೀಪಕ್ಕೂ ಪರದೆಗೂ ನಡುವೆ ಗೊಂಬೆ, ಪರದೆಯ ಈಚೆ ಊರ ಜನ, ಆಟವೆಂದರೆ ಇಷ್ಟು. ಅಜ್ಜ ಗೋಡೆಯ ಗೂಟದಿಂದ ಒಂದು ಬಟ್ಟೆಯ ಗಂಟನ್ನು ಇಳಿಸಿ, ಚಾಪೆಯ ಮೇಲೆ ಮೊಳಕ್ಕಿಂತ ದೊಡ್ಡದಾದ ಒಂದು ಹೆಣ್ಣುಗೊಂಬೆಯನ್ನು ಮಲಗಿಸಿದರು. ಕೈ, ಮೊಣಕೈ, ಸೊಂಟ ಎಲ್ಲ ಬೇರೆ ಬೇರೆ ತುಂಡು, ದಾರದ ಕೀಲು.

“ಇಕಿ ಸಣ್ಣಕ್ಕರಿ. ನಮ್ಮವ್ವ ಇಟ್ಟ ಹೆಸರು,” ಎಂದರು ಅಜ್ಜ. “ನಮ್ಮಪ್ಪ ಕುಣಿಸಿದ, ನಾ ಕುಣಿಸಿದೆ. ಈಗ ನಡದ ತೊಗಲ ಹರದೈತಿ. ಆಟಕ್ಕ ಬರಂಗಿಲ್ಲ.”

“ಹಂಗಾರ ಮುಂದೇನ್ರಿ ಅಜ್ಜಾ?”

“ಆಟಕ್ಕ ಬಾರದ ಗೊಂಬೀನ ಸುಮ್ನ ಗೂಟಕ್ಕ ಹಾಕಿ ಇಡಂಗಿಲ್ರಿ ನಮ್ಮ ಮನಿತನದಾಗ. ಅರಿಶಿಣ ಕುಂಕುಮ ಹಚ್ಚಿ ಹೊಳಿಗೆ ಬಿಟ್ಟು ಬರ್ತೀವಿ. ಈ ಶ್ರಾವಣದಾಗ ಇಕಿ ಪಾಳಿ.”

ಹೊಳೆ ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ನನ್ನೊಳಗಿನ ಚೀಟಿ ಬಿಚ್ಚಿಕೊಂಡಿತು. ನನಗೆ ಆವೇಶ ಬಂದಾಗ ಬಾಯಲ್ಲಿ ಪುಸ್ತಕದ ಕನ್ನಡ ಬರುತ್ತದೆ. ‘ಪರಂಪರೆಯ ಈ ಅಮೂಲ್ಯ ನಿಧಿಯನ್ನು ಜಲಸಮಾಧಿ ಮಾಡುವುದು ಮುಂದಿನ ಪೀಳಿಗೆಗೆ ನಾವು ಎಸಗುವ ಅನ್ಯಾಯವಲ್ಲವೇ’ ಎಂದು ಆರಂಭಿಸಿ, ನಾನು ಮುಗಿಸುವಷ್ಟರಲ್ಲಿ ಅಜ್ಜನ ಸೊಸೆ ಎರಡು ಸಲ ಚಹಾ ಕಾಸಿದ್ದಳು. ಅಜ್ಜ ಎಲ್ಲವನ್ನೂ ತಲೆ ತಗ್ಗಿಸಿ ಕೇಳಿದರು. ಕಡೆಗೆ ಗೊಂಬೆಯ ಹಣೆಯನ್ನು ಹೆಬ್ಬೆರಳಿನಿಂದ ಒಮ್ಮೆ ಒರೆಸಿ ಹೇಳಿದರು:

“ಹೆಣ್ಣ ಕೇಳಾಕ ಬಂದೀರಿ, ಇಲ್ಲ ಅನ್ನಾಕ ಬಾಯಿ ಬರವಲ್ದು. ಒಯ್ರಿ. ಆದ್ರ ಅಕ್ಕೋರ, ಕೊಟ್ಟ ಮ್ಯಾಲ ಮಗಳ ಮನಿ ನೋಡಾಕ ಬರೋದು ನಮ್ಮ ಪದ್ಧತಿ. ಪಂಚಮಿ ಮುಂದ ಬರ್ತೀನಿ. ಅಕಿ ಸುಖದಿಂದ ಇದ್ಲಂದ್ರ ಅಲ್ಲೇ ಇರಲಿ. ಇಲ್ಲಂದ್ರ ಪಂಚಮಿಗೆ ತವರಿಗೆ ಕರಕೊಂಡ ಬಂದು, ಅಲ್ಲಿಂದ ಹೊಳಿಗೆ.”

ನಾನು ಒಪ್ಪಿದೆ. ಪಂಚಮಿಗೆ ನಾಲ್ಕು ತಿಂಗಳಿತ್ತು. ಸುಖ ಎಂಬುದನ್ನು ನಾಲ್ಕು ತಿಂಗಳಲ್ಲಿ ಒದಗಿಸಲಾಗದಿದ್ದರೆ ನಾನು ಓದಿದ ಓದಾದರೂ ಏಕೆ?

ಗೊಂಬೆಯನ್ನು ಊರಿಗೆ ತಂದ ಅಂದೇ, ಅದರ ಬಣ್ಣ ಕಾಯಲೆಂದು ನಾನು ಬೆಳಕಿನ ಅಭ್ಯಾಸಕ್ಕೆ ಕುಳಿತೆ. ಓದುಗರೇ, ಬೆಳಕನ್ನು ನೀವು ಇಷ್ಟು ದಿನ ಸಜ್ಜನವೆಂದು ತಿಳಿದಿದ್ದರೆ ನಿಮ್ಮ ಬಗ್ಗೆ ನನಗೆ ಕನಿಕರವಿದೆ. ಬೆಳಕು ಬಣ್ಣವನ್ನು ತಿನ್ನುತ್ತದೆ. ಬಟ್ಟೆಯನ್ನು, ಕಾಗದವನ್ನು, ತೊಗಲನ್ನು ತಿನ್ನುತ್ತದೆ. ಒಮ್ಮೆ ತಿಂದದ್ದನ್ನು ಮರಳಿ ಕೊಡುವುದಿಲ್ಲ. ಬಿಸಿಲಿನಲ್ಲಿ ಕಣ್ಣಿಗೆ ಕಾಣದ ಒಂದು ಕಿರಣವಿದೆಯಂತೆ, ನೇರಳೆಯ ಆಚೆಯದು. ಅದಂತೂ ಹಗಲು ದರೋಡೆಕೋರ. ಬೀಳುವ ಬೆಳಕನ್ನು ಅಳೆಯುವ ಮಾನಕ್ಕೆ ಲಕ್ಸ್ ಎನ್ನುತ್ತಾರೆ. ಬಣ್ಣ ಹಚ್ಚಿದ ತೊಗಲಿನಂಥ ನಾಜೂಕು ವಸ್ತುಗಳಿಗೆ ಐವತ್ತು ಲಕ್ಸಿನ ಮೇಲೆ ಬೇಡವೆಂಬುದು ಬಲ್ಲವರ ಸಲಹೆ. ಅದನ್ನು ಅಳೆಯುವ ಸೌಲಭ್ಯ ಮೊಬೈಲಿನಲ್ಲೇ ಇದೆಯೆಂದು ತಿಳಿದ ದಿನ ನಾನು ಊಟ ಮಾಡಿದೆನೋ ಇಲ್ಲವೋ ನೆನಪಿಲ್ಲ. ಮನೆಯ ಅಡುಗೆಮನೆ ಅಳೆದೆ, ಕಾಲೇಜಿನ ಸಿಬ್ಬಂದಿ ಕೋಣೆ ಅಳೆದೆ, ಬಸ್ ನಿಲ್ದಾಣದಲ್ಲಿ ನಿಂತು ಕುಷ್ಟಗಿಯ ಬಿಸಿಲನ್ನು ಅಳೆದೆ. ಬಿಸಿಲಿನ ಅಂಕಿ ನೋಡಿದಾಗ, ಇಂಥ ಬೆಳಕಿನ ಕೆಳಗೆ ನಾವೆಲ್ಲ ಬಣ್ಣಗೆಡದೆ ಉಳಿದಿರುವುದೇ ಸೋಜಿಗವೆನ್ನಿಸಿತು. ಕನ್ನಡಿ ನೋಡಿಕೊಂಡ ಮೇಲೆ ಆ ಸೋಜಿಗವೂ ಉಳಿಯಲಿಲ್ಲ.

ಸಮಿತಿಯ ಮುಂದೆ ನಾನು ಮಾಡಿದ ಭಾಷಣ ನನ್ನ ಜೀವನದ ಶ್ರೇಷ್ಠ ಭಾಷಣಗಳಲ್ಲಿ ಒಂದು. ‘ಬೆಳಕು ಬಾಗಿಲು ಬಡಿಯದೆ ಬರುವ ಕಳ್ಳ, ದಿನಕ್ಕೊಂದು ಎಳೆಯಂತೆ ಕದಿಯುತ್ತಾನೆ, ಎಚ್ಚರವಾಗುವ ಹೊತ್ತಿಗೆ ಮನೆ ಬರಿದಾಗಿರುತ್ತದೆ’ ಎಂದು ನಾನು ಕೈ ಚಾಚಿ ಕಿಟಕಿಯತ್ತ ತೋರಿಸಿದಾಗ, ಉಳಿದ ಆರೂ ಜನ ತಿರುಗಿ ಕಿಟಕಿಯನ್ನು ಅನುಮಾನದಿಂದ ನೋಡಿದರು. ಶರಣಪ್ಪನವರು ಎದ್ದು ಹೋಗಿ ಅದನ್ನು ಮುಚ್ಚಿಯೇ ಬಂದರು. ಗೊಂಬೆಗೆ ಒಂದು ಪೆಟ್ಟಿಗೆ, ಅದರಲ್ಲಿ ಕಪ್ಪು ಹಲಗೆಯ ಹಿನ್ನೆಲೆ, ಮೇಲಿನಿಂದ ಐವತ್ತು ಲಕ್ಸಿನ ಬೆಳಕು, ಮುಂದೆ ರಕ್ಷಣೆಯ ಗಾಜು ಎಂಬ ಠರಾವು ಸರ್ವಾನುಮತದಿಂದ ಅಂಗೀಕಾರವಾಯಿತು. ಅದರ ಬಾಲಕ್ಕೆ ನಾನು ಇನ್ನೊಂದು ಕಲಮನ್ನು ಸೇರಿಸಿದೆ: ಗೊಂಬೆಯ ವಿಷಯದ ಯಾವ ನಿಯಮವನ್ನಾದರೂ ಬದಲಿಸುವುದಕ್ಕೆ, ಹೊಸದಾಗಿ ಮಾಡುವುದಕ್ಕೆ ಏಳೂ ಕೈಗಳು ಏಳಬೇಕು. ಮುಂದೆ ಯಾರಾದರೂ ಅಲ್ಪದೃಷ್ಟಿಯವರು ಬಂದು ಕೆಡಿಸಬಾರದಲ್ಲ. ಆ ಅಲ್ಪದೃಷ್ಟಿಯವರು ಯಾರೆಂಬುದು ಆಗ ನನಗೆ ಹೊಳೆಯಲಿಲ್ಲ.

ಗಾಜಿನ ಕೆಲಸಕ್ಕೆ ಗಂಗಾವತಿಯ ಮಹಬೂಬಸಾಬರನ್ನು ಹಿಡಿದೆ. ಬಳೆ ಅಂಗಡಿ, ಬೇಕರಿ, ಅಕ್ಕಿ ಗಿರಣಿಯ ಆಫೀಸು ಹೀಗೆ ಆ ಕಡೆ ಎಲ್ಲಿ ಗಾಜು ಹೊಳೆದರೂ ಅದರ ಹಿಂದೆ ಅವರ ಕೈಯಿರುತ್ತದೆ. ಎರಡು ಹಾಳೆಗಳ ನಡುವೆ ಪದರ ಕೂಡಿಸಿದ ಗಾಜು ಬೇಕು, ಆ ಪದರ ಕೆಟ್ಟ ಕಿರಣವನ್ನು ತಡೆಯಬೇಕು ಎಂದೆ. ಅದು ಅವರಿಗೆ ತಿಳಿಯಿತು; ಒಡೆದರೂ ಚೂರು ಮೈಮೇಲೆ ಬೀಳುವುದಿಲ್ಲ, ಒಳ್ಳೆಯ ಮಾಲು ಎಂದರು. ಮುಂದಿನದು ಮಾತ್ರ ತಿಳಿಯಲಿಲ್ಲ.

“ಅದು ಹೊಳೀಬಾರದ್ರಿ,” ಎಂದೆ.

“ಹೊಳೀಬಾರದೂ?” ಮಹಬೂಬಸಾಬರು ಕೈಯಲ್ಲಿದ್ದ ಟೇಪನ್ನು ಕೆಳಗಿಟ್ಟರು. “ಮೂವತ್ತ ವರ್ಷ ಆತ್ರಿ ಈ ಧಂದೆ ಮಾಡಾಕ ಹತ್ತಿ. ಹೊಳೀವಲ್ದು ಅಂತ ಜಗಳಕ್ಕ ಬಂದಾವ್ರು ಅದಾರ. ಹೊಳೀಬಾರ್ದು ಅಂತ ಬಂದಾವ್ರು ನೀವ ಮೊದಲ.”

ಮೊದಲ ಸಲ ಅವರು ನನ್ನ ಮಾತನ್ನು ಹುಡುಗಾಟವೆಂದು ತಿಳಿದು ಚೆನ್ನಾಗಿ ಹೊಳೆಯುವ ಗಾಜನ್ನೇ ಕೂಡಿಸಿದರು. ಬಾಗಿಲ ಬೆಳಕು ಅದರ ಮೇಲೆ ಬಿದ್ದು ಒಳಗಿನ ಕಪ್ಪು ಹಲಗೆ ಅದಕ್ಕೆ ಕನ್ನಡಿಯ ಹಿಂದಿನ ಪಾದರಸವಾಯಿತು. ಪ್ರಯೋಗಕ್ಕೆಂದು ಕರೆತಂದ ನನ್ನ ವಿದ್ಯಾರ್ಥಿಗಳು ಪೆಟ್ಟಿಗೆಯ ಮುಂದೆ ಸಾಲಾಗಿ, ತನ್ಮಯರಾಗಿ ನಿಂತದ್ದನ್ನು ಕಂಡು ನನ್ನ ಕಣ್ಣು ತುಂಬಿ ಬಂದಿತ್ತು. ಹತ್ತಿರ ಹೋಗಿ ನೋಡಿದರೆ ಹುಡುಗರು ಕ್ರಾಪು ತಿದ್ದಿಕೊಳ್ಳುತ್ತಿದ್ದರು. ಎರಡನೆಯ ಸಲ ಮಹಬೂಬಸಾಬರು, “ತಗೋರಿ ನಿಮ್ಮ ಹೊಳೀಲಾರದ ಗಾಜ,” ಎಂದು ಬಚ್ಚಲುಮನೆಯ ಕಿಟಕಿಗೆ ಹಾಕುವ ಮಸುಕು ಗಾಜನ್ನು ತಂದರು. ಅದು ನಿಜವಾಗಿ ಹೊಳೆಯುತ್ತಿರಲಿಲ್ಲ. ಒಳಗೆ ಸಣ್ಣಕ್ಕ ಸ್ನಾನ ಮಾಡುತ್ತಿದ್ದಾಳೆಂಬ ಭಾವನೆ ಬಂದು ಶರಣಪ್ಪನವರು ಮುಖ ತಿರುಗಿಸಿ ನಿಂತರು.

ಮೂರನೆಯ ಸಲಕ್ಕೆ ಅವರೇ ಒಂದು ಉಪಾಯ ಹೇಳಿದರು. “ಅಕ್ಕೋರ, ಮನ್ಯಾಗ ಹಿರೇರ ಫೋಟೋ ಮೊಳಿಗೆ ಹಾಕ್ಬೇಕಾದ್ರ ಮುಂದ ಬಾಗಿಸಿ ಹಾಕ್ತಾರಲ್ಲ, ಯಾಕ ಹೇಳ್ರಿ?”

“ಅವ್ರು ನಮ್ಮನ್ನ ನೋಡ್ಲಿ ಅಂತ,” ಎಂದೆ. ನಾನು ಚಿಕ್ಕಂದಿನಿಂದ ಹಾಗೆಯೇ ನಂಬಿದ್ದೆ. ನಮ್ಮ ಮುತ್ತಜ್ಜನ ಬಾಗಿದ ಫೋಟೋದ ಕೆಳಗೆ ಎಂದೂ ಸುಳ್ಳು ಹೇಳಿರಲಿಲ್ಲ.

“ನಾವು ಅವ್ರನ್ನ ನೋಡ್ಲಿ ಅಂತ್ರಿ. ಬಾಗಿಸಿದ್ರ ಗಾಜಿನ್ಯಾಗ ನೆಲ ಕಾಣ್ತದ, ಬಾಗಲಾ ಕಾಣಂಗಿಲ್ಲ. ನೆಲದಾಗ ಬೆಳಕ ಎಲ್ಲಿಂದ ಬರಬೇಕು?”

ಗಾಜನ್ನು ಎರಡು ಬೆರಳಿನಷ್ಟು ಮುಂದಕ್ಕೆ ಬಾಗಿಸಿದರು. ಹೊಳಪು ಮಾಯವಾಯಿತು. ನಾನು ವಾರಗಟ್ಟಲೆ ಓದಿ ಹುಡುಕುತ್ತಿದ್ದ ಪರಿಹಾರ ನಮ್ಮೂರಿನ ಪ್ರತಿ ಪಡಸಾಲೆಯ ಗೋಡೆಯ ಮೇಲೂ ತಲೆತಲಾಂತರದಿಂದ ತೂಗಾಡುತ್ತಿತ್ತು. ಆ ಸಂತೋಷದಲ್ಲಿ ಮಹಬೂಬಸಾಬರಿಗೆ ಒಂದು ಸಣ್ಣ ಅಭಿನಂದನಾ ಭಾಷಣ ಮಾಡಿದೆ. ಬಸ್ಸಿನ ಹೊತ್ತಾಯಿತೆಂದು ಅವರು ಹೊರಟರು.

ಕೋಣೆ ತೆರೆದೆವು. ನನ್ನ ವಾದಕ್ಕೆ ಮತಾಂತರಗೊಂಡವರ ಉತ್ಸಾಹ ನನ್ನದನ್ನೂ ಮೀರಿಸಿತ್ತು. ಹನುಮವ್ವ ಕಿಟಕಿಗಳಿಗೆ ಗೋಣಿತಾಟು ಹೊಡೆದು, ಬಾಗಿಲಿಗೆ ಕಂಬಳಿ ಇಳಿಬಿಟ್ಟಳು. ಮೊಬೈಲು ತೆಗೆದವರನ್ನು, “ಬೆಳಕ ಒಳಗ ತರಬ್ಯಾಡ್ರಿ, ಹೊರಗ ಬಿಟ್ಟು ಬರ್ರಿ,” ಎಂದು ಚಪ್ಪಲಿಯ ಜೊತೆ ಬೆಳಕನ್ನೂ ಹೊರಗೆ ಬಿಡಿಸುತ್ತಿದ್ದಳು. ಬಂದವರು ಕತ್ತಲಲ್ಲಿ ತಡಕುತ್ತ ಒಂದು ಸುತ್ತು ಹಾಕಿ, ಕಪ್ಪು ಹಲಗೆಯ ಮೇಲಿನ ಕಂದು ಬಣ್ಣದ ಏನನ್ನೋ ನೋಡಿ, ದೇವರಿರಬಹುದೆಂದು ಕೈಮುಗಿದು ಹೋಗುತ್ತಿದ್ದರು. ಕರೆಂಟು ಹೋಗಿದೆ ಪಾಪ ಎಂದು ಒಬ್ಬ ರೈತರು ತಮ್ಮ ಬ್ಯಾಟರಿ ಕೊಟ್ಟು ಹೋಗಲು ಬಂದರು. ನಾನು ಅವರಿಗೆ ಅರ್ಧ ಗಂಟೆ ವಿವರಿಸಿದೆ; ಅವರು ತಮ್ಮ ಬ್ಯಾಟರಿಗೆ ತಾವೇ ಕ್ಷಮೆ ಕೇಳಿಕೊಂಡು ಹೋದರು. ಮೊಬೈಲಿನಲ್ಲಿ ಅಳೆದಾಗಲೆಲ್ಲ ಐವತ್ತಕ್ಕಿಂತ ಕಡಿಮೆ. ನನಗೆ ಹಿಗ್ಗು.

ಪಂಚಮಿಗೆ ಎಂಟು ದಿನ ಇರುವಾಗ ದುರ್ಗಪ್ಪಜ್ಜ ಬಂದರು. ಹೊಸ ಧೋತರ, ತಲೆಗೆ ರುಮಾಲು, ಕೈಯಲ್ಲಿ ಒಂದು ಚೀಲ. ಚೀಲದಲ್ಲಿ ಮಗಳಿಗೆಂದು ತಂದ ಶೇಂಗಾ ಉಂಡಿ ಮತ್ತು ಒಂದು ಕುಬಸದ ಬಟ್ಟೆ. ನಾನು ಕಂಬಳಿ ಸರಿಸಿ ಅವರನ್ನು ಕೈಹಿಡಿದು ಒಳಗೆ ಕರೆದುಕೊಂಡು ಹೋಗಿ ಪೆಟ್ಟಿಗೆಯ ಮುಂದೆ ನಿಲ್ಲಿಸಿದೆ. ಅವರು ಕಣ್ಣು ಕಿರಿದು ಮಾಡಿ ಕತ್ತಲಲ್ಲಿ ಹುಡುಕಿದರು.

“ಅಕಿ ಎಲ್ಲದಾಳ್ರಿ?”

“ಇಲ್ಲೇ, ನಿಮ್ಮ ಮುಂದ ಅದಾಳಲ್ಲರಿ ಅಜ್ಜಾ.”

ಅಜ್ಜ ಬಗ್ಗಿ ನೋಡಿದರು. “ಇದು ತೊಗಲ ಐತಿ,” ಎಂದರು. “ಸಣ್ಣಕ್ಕ ಎಲ್ಲದಾಳು?”

ನಾನು ಲಕ್ಸ್ ಬಗ್ಗೆ ಹೇಳತೊಡಗಿದೆ. ಅವರು ಕೇಳಿಸಿಕೊಳ್ಳುತ್ತಲೇ ಹನುಮವ್ವನಿಂದ ಬೀಗದ ಕೈ ಇಸಿದುಕೊಂಡು ಪೆಟ್ಟಿಗೆ ತೆರೆದು, ಗೊಂಬೆಯನ್ನು ಮಗುವಿನಂತೆ ಎರಡೂ ಅಂಗೈ ಮೇಲೆ ತೆಗೆದುಕೊಂಡು ಕಿಟಕಿಯತ್ತ ನಡೆದರು. ಗೋಣಿತಾಟಿನ ಮೂಲೆಯನ್ನು ಎತ್ತಿ, ಗೊಂಬೆಯನ್ನು ಹಗಲಿಗೆ ಅಡ್ಡಲಾಗಿ ಹಿಡಿದರು. ಹನುಮವ್ವ, “ಅಜ್ಜಾ, ಅಕಿನ್ನ ಬೆಳಕ ತಿಂತೈತಿ, ಒಳಗ ತಗೋ,” ಎಂದು ತಾಟನ್ನು ಎಳೆಯಲು ಓಡಿದಳು. ಓಡಿದವಳು ಅಲ್ಲಿಯೇ ನಿಂತಳು. ನಾನೂ ನಿಂತೆ.

ಕಂದು ತೊಗಲು ಎಲ್ಲಿಯೂ ಇರಲಿಲ್ಲ. ಕೆಂಪು ಸೀರೆ ಉರಿಯುತ್ತಿತ್ತು, ಹಸಿರು ಕುಬಸ ಈಗ ತಾನೇ ನೀರುಂಡ ಭತ್ತದ ಗದ್ದೆಯಂತಿತ್ತು. ತೊಗಲಿನಲ್ಲಿ ಚುಚ್ಚಿದ ಸಣ್ಣ ಸಣ್ಣ ತೂತುಗಳನ್ನು ನಾನು ಹುಳು ಕೊರೆದದ್ದೆಂದು ದಾಖಲೆ ಪುಸ್ತಕದಲ್ಲಿ ಬರೆದಿದ್ದೆ. ಅವು ಅವಳ ಒಡವೆಗಳು. ಬೆಂಡೋಲೆ, ಡಾಬು, ಮೂಗುತಿ ಎಲ್ಲವೂ ಬೆಳಕಿನಿಂದಲೇ ಮಾಡಿದವು. ಅಜ್ಜನ ಕೈ ಕೊಂಚ ನಡುಗುತ್ತಿದ್ದುದರಿಂದ ಸಣ್ಣಕ್ಕ ಉಸಿರಾಡಿದಳು. ನಾಲ್ಕು ತಿಂಗಳಿಂದ ಅವಳ ರಕ್ಷಣೆಗಾಗಿ ಹೋರಾಡುತ್ತಿದ್ದ ನಾನು ಅವಳನ್ನು ಆಗಲೇ ಮೊದಲ ಸಲ ನೋಡಿದ್ದು. ದೀಪ ಹಿಂದೆ, ಗೊಂಬೆ ನಡುವೆ, ಜನ ಈಚೆಗೆ ಎಂದು ಅವಳ ಪಕ್ಕದ ಫಲಕದಲ್ಲಿ ಚೆಂದದ ಅಕ್ಷರಗಳಲ್ಲಿ ಬರೆಸಿದವಳೂ ನಾನೇ.

“ನೀವು ಅಕಿನ್ನ ಒಣಗಾಕ ಹಾಕೀರಿ,” ಎಂದರು ಅಜ್ಜ, ಸಿಟ್ಟಿಲ್ಲದೆ. “ಮಗಳ ಕೊಟ್ಟ ಮನ್ಯಾಗ ಉಣ್ಣಾಕ ಕಮ್ಮಿ ಇದ್ರ ಸೈಸಬಹುದು. ಮಾರಿಗೆ ಬೆಳಕ ಇಲ್ಲಂದ್ರ ಹೆಂಗ್ರಿ? ಪಂಚಮಿಗೆ ಒಯ್ತೀನಿ. ಎಂಟ ದಿನ ಐತಿ.”

ಮರುದಿನವೇ ಸಮಿತಿಯ ಸಭೆ ಕರೆದೆ. ನನ್ನ ಉತ್ಸಾಹಕ್ಕೆ ಮೇರೆಯಿರಲಿಲ್ಲ. ಠರಾವನ್ನು ಬದಲಿಸೋಣ, ಬೆಳಕನ್ನು ಹಿಂದಿನಿಂದ ಕೊಡೋಣ, ಅದು ಐವತ್ತಲ್ಲ ಎಷ್ಟಾದರೂ ಇರಲಿ ಎಂದು ಹತ್ತು ನಿಮಿಷ ಮಾತಾಡಿ ಕುಳಿತೆ. ಚಪ್ಪಾಳೆ ಬೀಳಬೇಕಾಗಿದ್ದ ಜಾಗದಲ್ಲಿ ಶರಣಪ್ಪನವರು ಎದ್ದು ನಿಂತರು.

“ಅಕ್ಕೋರ, ಬೆಳಕ ಬಾಗಲಾ ಬಡೀದ ಬರೋ ಕಳ್ಳ ಅಂದಾವ್ರು ಯಾರ್ರಿ?”

“ನಾನ ಅಂದಿದ್ದೆ. ಆದ್ರ—”

“ದಿನಕ್ಕೊಂದ ಎಳಿ ಕದೀತಾನ ಅಂದ್ರಿ. ಅವತ್ತಿನಿಂದ ನಾ ನಮ್ಮ ಮನ್ಯಾಗ ಎರಡ ಬಲ್ಬ ತಗಸಿಬಿಟ್ಟೀನಿ. ಮನ್ಯಾಗಿನವ್ರು ಕತ್ತಲಾಗ ಜ್ವಾಳ ಹಸನ ಮಾಡ್ತಾರ, ನನಗ ಬೈಕೋಂತ. ಈಗ ಕಳ್ಳನ್ನ ಹಿತ್ತಲ ಬಾಗಲದಿಂದ ಕರೀರಿ ಅಂತೀರಲ್ಲ, ಮುಂದಿನ ಪೀಳಿಗಿಗೆ ಏನ ಉತ್ತರ ಹೇಳೂಣು?”

ಮುಂದಿನ ಪೀಳಿಗೆಯೂ ನನ್ನದೇ ಮಾತು. ನಾನು ಮತ್ತೆ ಎದ್ದೆ. ನನ್ನ ಪ್ರತಿ ಹೊಸ ವಾದಕ್ಕೂ ನನ್ನ ಹಳೆಯ ಭಾಷಣದಿಂದ ಒಂದೊಂದು ವಾಕ್ಯವನ್ನು ಅವರು ಮರಳಿಸುತ್ತಿದ್ದರು, ಕೈ ಚಾಚುವ ಭಂಗಿಯ ಸಹಿತ. ಇಷ್ಟು ಶ್ರದ್ಧೆಯಿಂದ ಕೇಳಿದ ಶ್ರೋತೃ ನನಗೆ ಜೀವನದಲ್ಲಿ ಸಿಕ್ಕಿರಲಿಲ್ಲ. ಅವರನ್ನು ಅಪ್ಪಿಕೊಳ್ಳಬೇಕೋ ಅಳಬೇಕೋ ತಿಳಿಯದಾಯಿತು. ಎದುರಾಳಿಯ ವಾದ ಬಿಗಿಯಾಗಿತ್ತು, ಉಪಮೆಗಳು ಸೊಗಸಾಗಿದ್ದವು, ಸಿದ್ಧಪಡಿಸಿದವಳು ನಾನು. ಕೈ ಎತ್ತಿರೆಂದಾಗ ಎದ್ದದ್ದು ಒಂದೇ ಕೈ, ನನ್ನದು.

ಹಿಂದಿನ ದಿನ ನಮ್ಮ ಊರಿನಲ್ಲೇ ಬೀಗರ ಮನೆಯಲ್ಲಿ ಉಳಿದಿದ್ದ ದುರ್ಗಪ್ಪಜ್ಜ, ನನ್ನ ಕೋರಿಕೆಯಂತೆ ಸಭೆಗೆ ಬಂದು ಬಾಗಿಲ ಬಳಿ ಕುಳಿತಿದ್ದರು. ಅವರು ಗಂಟಲು ಸರಿಪಡಿಸಿಕೊಂಡರು.

“ಯಜಮಾನ್ರ, ನೀವ್ ಹೇಳೂದು ಖರೆ. ಬೆಳಕ ತಿಂತೈತಿ. ನಾವೇನು ದಿನಾ ಕುಣಸ್ತೀವೇನ್ರಿ? ಒಂದ ದಿನದ ಆಟ. ಅದರಾಗೂ ಸಣ್ಣಕ್ಕ ಪರದಿಗೆ ಬರೋದು ಒಂದೀಟ ಹೊತ್ತು. ಆಮ್ಯಾಲ ತಿಂಗಳಾನ್ಗಟ್ಲೆ ಗಂಟಿನ್ಯಾಗ ಮಲಗಿರ್ತಾಳ. ಅದಕ ನಮ್ಮಪ್ಪನ ಕಾಲದ ಬಣ್ಣ ಇನ್ನೂ ಐತಿ. ನೀವು ಅಕಿನ್ನ ಮಲಗಿಸೋದೂ ಇಲ್ಲ, ಕುಣಸೋದೂ ಇಲ್ಲ. ದಿನಾ ಮುಂಜಾನಿಂದ ಸಂಜಿತನ ನಿಂದರಿಸೀರಿ, ಅದೂ ಅರೆಗತ್ತಲಾಗ.”

ಶರಣಪ್ಪನವರು ನಿಧಾನವಾಗಿ ಕುಳಿತರು. “ದಾಳಿಂಬ್ರಿಗೆ ನಾವು ನೆರಳ ಬಟ್ಟಿ ಹೊಚ್ಚತೀವಿ,” ಎಂದರು ತಮಗೆ ತಾವೇ. “ಬಿಸಲ ಬ್ಯಾಡ ಅಂತಲ್ಲ. ಬಿಸಲಿನ ಲೆಕ್ಕ ಬೇಕು ಅಂತ.” ಆಮೇಲೆ ತಲೆಯೆತ್ತಿದರು. “ನನ್ನ ಕಡೆ ಬೋರಿನ ಮೋಟಾರಿಗೆ ಹಾಕೋ ಟೈಮರ ಒಂದು ಖಾಲಿ ಬಿದ್ದೈತಿ. ಸೆಕೆಂಡಿನ ಲೆಕ್ಕ ಹಿಡೀತೈತಿ. ಗುಂಡಿ ಒತ್ತಿದ್ರ ಹತ್ತಬೇಕು, ತಾನ ಆರಬೇಕು, ಆರಿದ ಮ್ಯಾಲ ಹತ್ತ ನಿಮಿಷ ಯಾರ ಒತ್ತಿದ್ರೂ ಕೇಳಬಾರ್ದು. ಹೆಂಗ?”

ನಾನು ಓದಿದ ಪುಸ್ತಕಗಳು ಹೇಳಿದ್ದೂ ಅದನ್ನೇ: ಎಷ್ಟು ಬೆಳಕು ಎಂಬುದರ ಜೊತೆಗೆ ಎಷ್ಟು ಹೊತ್ತು ಎಂಬುದನ್ನೂ ಗುಣಿಸಿ ನೋಡಬೇಕು. ಆ ಪುಟವನ್ನೂ ಓದಿದ್ದೆ. ಭಾಷಣಕ್ಕೆ ಅಷ್ಟು ಸೊಗಸಾಗಿ ಒಗ್ಗದ್ದರಿಂದ ಬಿಟ್ಟಿದ್ದೆ. ಈ ಸಲ ಏಳು ಕೈಗಳೂ ಎದ್ದವು.

ಆ ಒಂದು ವಾರ ನಮ್ಮ ಕೋಣೆ ಮದುವೆ ಮನೆಯಾಗಿತ್ತು. ಮಹಬೂಬಸಾಬರು ಕಪ್ಪು ಹಲಗೆ ಕಿತ್ತು ಹಿಂದೆ ಹಾಲುಬಣ್ಣದ ಹಾಳೆ ಕೂಡಿಸಿ, ಶಾಖ ತಾಕದಷ್ಟು ದೂರದಲ್ಲಿ ಎಲ್‌ಇಡಿ ದೀಪ ಇಟ್ಟರು. ಅಜ್ಜ ಹರಿದ ನಡುವಿಗೆ ತಮ್ಮ ಕೈಯಾರೆ ತೇಪೆ ಹಾಕಿ, ಮುಂದೆ ತೆಳುವಾದ ಧೋತರದ ಪರದೆ ಕಟ್ಟಿದರು. “ಇದ ನಮ್ಮ ಗಾಜು ನೋಡ್ರಿ,” ಎಂದು ಮಹಬೂಬಸಾಬರಿಗೆ ತೋರಿಸಿದರು. “ಹೊಳಿಯಂಗಿಲ್ಲ, ಒಡಿಯಂಗಿಲ್ಲ.” ಮಹಬೂಬಸಾಬರು ಬಟ್ಟೆಯನ್ನು ಬೆರಳಲ್ಲಿ ಉಜ್ಜಿ ನೋಡಿ, “ನಮ್ಮ ಧಂದೆ ಮುಳಗಸ್ತೀರಿ ಬಿಡ್ರಿ ಯಜಮಾನ್ರ,” ಎಂದರು. ಆದರೂ ಬೆರಳು ಚುಚ್ಚುವ ಸಂದರ್ಶಕರಿದ್ದಾರೆಂದು ಎಲ್ಲದರ ಮುಂದೆ ಬಾಗಿದ ಗಾಜು ಇರಲೇಬೇಕೆಂದು ನಾನು ವಾದಿಸಿದೆ. ಈ ಒಂದು ವಾದಕ್ಕೆ ಯಾರೂ ಅಡ್ಡಿ ಬರಲಿಲ್ಲ.

ಪಂಚಮಿಯ ಹಿಂದಿನ ದಿನ ಪ್ರಯೋಗ. ಸಮಿತಿಯವರೆಲ್ಲ ಮನೆಯವರನ್ನು ಕರೆತಂದಿದ್ದರು. ಅಜ್ಜನ ಚೀಲ ಖಾಲಿಯಾಗಿ ಮಡಚಿ ಬಗಲಲ್ಲಿತ್ತು; ಒಯ್ಯುವುದಾದರೆ ಸಣ್ಣಕ್ಕನನ್ನು ಅದರಲ್ಲೇ ಒಯ್ಯಬೇಕು. ಶರಣಪ್ಪನವರು ಗುಂಡಿ ಒತ್ತಿದರು. ಟೈಮರು ಬೋರಿನ ಮೋಟಾರು ಎಬ್ಬಿಸುವ ಗತ್ತಿನಲ್ಲಿ ‘ಟಕ್’ ಎಂದಿತು. ಪರದೆ ತುಂಬ ಕೆಂಪು, ಹಸಿರು ತುಂಬಿಕೊಂಡವು. ನಾನು ಒಂದು ಹೆಜ್ಜೆ ಮುಂದೆ ಬಂದು, “ಮಾನ್ಯರೇ, ತೊಗಲುಗೊಂಬೆಯ ಪರಂಪರೆಯು—” ಎಂದು ಆರಂಭಿಸಿದೆ. ನಮ್ಮ ಕಡೆಯ ಜನ ಮರ್ಯಾದಸ್ಥರು. ಅಕ್ಕೋರು ಮಾತಾಡುವಾಗ ಬೇರೆ ಕಡೆ ನೋಡುವುದಿಲ್ಲ. ಎಲ್ಲರೂ ನನ್ನತ್ತ ತಿರುಗಿದರು. ನಲವತ್ತು ಸೆಕೆಂಡಿಗೆ ‘ಟಕ್’ ಎಂದು ದೀಪ ಆರಿತು. ನಾನು ಇನ್ನೂ ಪರಂಪರೆಯ ಪೀಠಿಕೆಯಲ್ಲಿದ್ದೆ.

ಹತ್ತು ನಿಮಿಷ ಕಾದೆವು. ಮತ್ತೆ ‘ಟಕ್’. ಈ ಸಲ ಅವರು ತಪ್ಪಿಸಿಕೊಳ್ಳಬಾರದೆಂದು ಎಲ್ಲಿ ನೋಡಬೇಕೆಂಬುದನ್ನು ವಿವರಿಸತೊಡಗಿದೆ. ಮೂಗುತಿಗೆ ಬರುವಷ್ಟರಲ್ಲಿ ಕತ್ತಲೆ.

ಅಜ್ಜ ಬಗಲಿನ ಚೀಲವನ್ನು ಕೈಗೆ ತೆಗೆದುಕೊಂಡು ಬಿಚ್ಚಿದರು.

“ಮನಿ ಛಲೋ ಆಗೈತಿ,” ಎಂದರು ಅವರು. “ಬೆಳಕೂ ಛಲೋ ಐತಿ. ಆದ್ರ ಅಕ್ಕೋರ, ಗೊಂಬಿ ಕುಣಿಯೂ ಮುಂದ ನಾವೂ ಮಾತಾಡ್ತೀವ್ರಿ, ಹಾಡ್ತೀವಿ. ಪರದಿ ಹಿಂದ ಕುಂತು. ಮುಂದ ಬಂದು ನಿಂದ್ರಂಗಿಲ್ಲ. ಇದೊಂದು ಆಗೂದಾದ್ರ ಚೀಲ ಮಡಚ್ತೀನಿ, ಇಲ್ಲಂದ್ರ ಒಯ್ತೀನಿ.”

ಯಾರೂ ನನ್ನತ್ತ ನೋಡಲಿಲ್ಲ. ಶರಣಪ್ಪನವರು ಬಹಳ ಸಂಕೋಚದಿಂದ ಅಲ್ಲಿಯೇ ಠರಾವು ಮಂಡಿಸಿದರು: ಬೆಳಕು ಹತ್ತಿರುವಷ್ಟು ಹೊತ್ತು ಕಾರ್ಯದರ್ಶಿಯವರು ಮಾತಾಡತಕ್ಕದ್ದಲ್ಲ, ಬೆಳಕು ಆರಿದ ಹತ್ತು ನಿಮಿಷ ಅವರ ಪಾಲಿಗೆ. ಆರು ಕೈಗಳು ಒಟ್ಟಿಗೆ ಎದ್ದವು. ಅಷ್ಟು ತ್ವರಿತವಾಗಿ ಅವು ಯಾವ ಠರಾವಿಗೂ ಎದ್ದಿರಲಿಲ್ಲ. ಕಲಮಿನ ಪ್ರಕಾರ ಏಳನೆಯದೂ ಬೇಕಾಗಿತ್ತು. ವಿರೋಧಿಸಿ ಮಂಡಿಸಬಹುದಾದ ಹನ್ನೊಂದು ಅಂಶಗಳು ಆಗಲೇ ನನ್ನ ನಾಲಿಗೆಯ ತುದಿಗೆ ಬಂದು ಸಾಲುಗಟ್ಟಿದ್ದವು. ಬಂದವುಗಳಲ್ಲಿ ಮೂರ್ನಾಲ್ಕು ನಿಜಕ್ಕೂ ಬಲವಾದವು. ಅಜ್ಜನ ಕೈಯಲ್ಲಿ ಚೀಲದ ಬಾಯಿ ತೆರೆದೇ ಇತ್ತು. ನಾನು ಕೈ ಎತ್ತಿದೆ. ಅವರು ಚೀಲ ಮಡಚಿ, ಕುಬಸದ ಬಟ್ಟೆಯನ್ನು ಪೆಟ್ಟಿಗೆಯ ಮುಂದಿಟ್ಟು, ಉಂಡಿಯನ್ನು ನಮಗೆಲ್ಲ ಹಂಚಿದರು. ನನಗೆ ಎರಡು ಕೊಟ್ಟರು. ಬಾಯಿ ತುಂಬಿರಲೆಂದೇ ಇರಬಹುದು.

ಈಗ ನಮ್ಮ ಸಂಗ್ರಹಾಲಯಕ್ಕೆ ತಾವರಗೇರಾ, ಹನುಮಸಾಗರ, ಆಚೆ ಗಂಗಾವತಿಯ ಶ್ರೀರಾಮನಗರದಿಂದಲೂ ಜನ ಬರುತ್ತಾರೆ. ‘ಟಕ್’ ಎಂದ ಕೂಡಲೇ ಕೋಣೆಯಲ್ಲಿ ಎಲ್ಲರ ಉಸಿರೂ ಒಮ್ಮೆಗೇ ಒಳಕ್ಕೆ ಹೋಗುತ್ತದೆ. ಆ ನಲವತ್ತು ಸೆಕೆಂಡು ನಾನು ಗೋಡೆಗೆ ಒರಗಿ, ತುಟಿ ಕಚ್ಚಿ, ಅವರ ಮುಖಗಳನ್ನು ನೋಡುತ್ತ ನಿಂತಿರುತ್ತೇನೆ. ಅಷ್ಟು ಚೆಂದದ ಮುಖಗಳನ್ನು ನಾನು ಯಾವ ವೇದಿಕೆಯ ಮೇಲಿನಿಂದಲೂ ಕಂಡಿಲ್ಲ. ಆಮೇಲೆ ಬೆಳಕು ಆರುತ್ತದೆ, ನನ್ನ ಹತ್ತು ನಿಮಿಷ ಆರಂಭವಾಗುತ್ತದೆ. ಶಾಲೆಯ ಗೇಟಿನ ಎದುರಿಗೇ ಮಂಡಕ್ಕಿ ಒಗ್ಗರಣೆ, ಮಿರ್ಚಿ ಮಾಡುವ ಅಂಗಡಿಯಿದೆ. ಮುಂದಿನ ‘ಟಕ್’ಗೆ ಬರುತ್ತೇವೆಂದು ಎಲ್ಲರೂ ಅಲ್ಲಿಗೆ ನಡೆಯುತ್ತಾರೆ, ಹನುಮವ್ವನೂ ಸೇರಿ. ನಾನು ಪರಂಪರೆಯ ಪೀಠಿಕೆಯಿಂದ ಆರಂಭಿಸುತ್ತೇನೆ. ಕೇಳುವವಳು ಸಣ್ಣಕ್ಕ ಒಬ್ಬಳು. ಅವಳು ಎದ್ದು ಹೋಗುವಂತಿಲ್ಲ. ಮುಂದೆ ಗಾಜು ಇರಲೇಬೇಕೆಂದು ವಾದಿಸಿ ಗೆದ್ದವಳು ನಾನು.